ಒಳ್ಳೆಯ ಹುಡುಗನಿಗೆ ಬೇಡ ಅನ್ನುವುದು

ಚಿ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಎರಡು ಸಲ ಓದಿದೆ. ಹುಡುಗ ಹಳ್ಳಿಯಲ್ಲಿ ಶಾಲೆ ನಡೆಸುತ್ತಾನೆ. ನೀನು ಪಿಎಚ್.ಡಿ. ಬಿಟ್ಟು ಹೋಗಿ ಆ ಶಾಲೆ ನೋಡಿಕೊಳ್ಳಬೇಕಂತೆ. "ಅವನಲ್ಲಿ ಒಂದು ತಪ್ಪೂ ಸಿಗ್ತಿಲ್ಲ ಅತ್ತೆ, ಯಾವ ಬಾಯಲ್ಲಿ ಬೇಡ ಅನ್ನಲಿ?" ಅಂತ ಕೇಳಿದ್ದೀಯ. ಆ ಸಾಲು ಓದಿದವಳೇ ಎದ್ದು ಕಪಾಟಿನಿಂದ 'ಜೇನ್ ಏರ್' ತೆಗೆದೆ. ಮದುವೆ ಮಾತಿಗೆ ಕಾದಂಬರಿ ಯಾಕೆ ಅನ್ನಬೇಡ, ಸ್ವಲ್ಪ ಕೇಳು.

ನಾನು ಅದನ್ನು ಮೊದಲು ಓದಿದ್ದು ಕಾಲೇಜಿನಲ್ಲಿ, ನಾನ್-ಡೀಟೇಲ್ ಪಠ್ಯವಾಗಿ. ಕತ್ತರಿಸಿ ಸಣ್ಣದು ಮಾಡಿದ ಪುಸ್ತಕ. ಅನಾಥ ಹುಡುಗಿ ಜೇನ್, ದೊಡ್ಡ ಮನೆ, ಸಿಡುಕಿನ ಯಜಮಾನ ರೋಚೆಸ್ಟರ್, ಅವನು ಅಟ್ಟದ ಮೇಲೆ ಬಚ್ಚಿಟ್ಟ ಹೆಂಡತಿ, ಕೊನೆಗೆ ಮದುವೆ. ಇಷ್ಟೇ ಅಂದುಕೊಂಡಿದ್ದೆ. ಪೂರ್ತಿ ಪುಸ್ತಕ ಕೈಗೆ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ. ನಮ್ಮ ಪಠ್ಯದಲ್ಲಿ ಎರಡು ಪುಟಕ್ಕೆ ಇಳಿಸಿದ್ದ ಭಾಗವೇ ನನಗೆ ಬೇಕಾಗಿದ್ದದ್ದು ಅಂತ ಆಗ ಗೊತ್ತಾಯಿತು.

ಅದು ಸೇಂಟ್ ಜಾನ್ ರಿವರ್ಸ್ ಎಂಬ ಪಾದ್ರಿಯ ಭಾಗ. ರೋಚೆಸ್ಟರ್‌ಗೆ ಹೆಂಡತಿ ಇದ್ದಾಳೆ ಅಂತ ತಿಳಿದ ಮೇಲೆ ಜೇನ್ ಮನೆ ಬಿಟ್ಟು ಹೋಗುತ್ತಾಳೆ. ಹಸಿದು ಬಾಗಿಲಲ್ಲಿ ಬಿದ್ದವಳನ್ನು ಒಳಗೆ ಕರೆದುಕೊಂಡವನು ಇವನು. ಹಳ್ಳಿ ಶಾಲೆಯಲ್ಲಿ ಕೆಲಸ ಕೊಡುತ್ತಾನೆ. ಮುಂದೆ ನೋಡಿದರೆ ಅವಳ ಸೋದರತ್ತೆಯ ಮಗನೇ, ನಮ್ಮ ಲೆಕ್ಕದಲ್ಲಿ ವರಸೆಗೂ ಸರಿ. ನೋಡಲು ಚೆನ್ನಾಗಿದ್ದಾನೆ, ಸುಳ್ಳು ಹೇಳುವವನಲ್ಲ. ಮಿಷನರಿಯಾಗಿ ಇಂಡಿಯಾಕ್ಕೆ ಹೊರಟವನು. ಜರ್ಮನ್ ಕಲಿಯುತ್ತಿದ್ದ ಜೇನ್‌ಗೆ ಒಂದು ದಿನ, ಅದನ್ನು ಬಿಡು, ಹಿಂದೂಸ್ತಾನಿ ಕಲಿ ಅನ್ನುತ್ತಾನೆ. ಅವಳು ಕಲಿಯುತ್ತಾಳೆ. ಬರಬರುತ್ತಾ ಅವನ ಎದುರು ನಗುವುದಕ್ಕೂ ಹಿಂಜರಿಯುತ್ತಾಳೆ. ಆಮೇಲೆ ಕೇಳುತ್ತಾನೆ: ನನ್ನ ಹೆಂಡತಿಯಾಗಿ ಬಾ, ನೀನು ಹುಟ್ಟಿದ್ದು ದುಡಿಮೆಗೆ, ಪ್ರೀತಿಗಲ್ಲ ಅಂತ.

ಜೇನ್ ಉತ್ತರ ನೋಡು. ಇಂಡಿಯಾಕ್ಕೆ ಬರುತ್ತೇನೆ, ಕೆಲಸ ಮಾಡುತ್ತೇನೆ, ಆದರೆ ತಂಗಿಯಾಗಿ ಅನ್ನುತ್ತಾಳೆ. ಅವನು ಒಪ್ಪುವುದಿಲ್ಲ. ಅವನು ಕೆಟ್ಟವನು ಅಂತ ತೋರಿಸಲು ಅವಳು ಹೋಗುವುದಿಲ್ಲ ಪುಟ್ಟಿ. ನಿನ್ನನ್ನು ಕಟ್ಟಿಕೊಂಡರೆ ನಾನು ಉಳಿಯುವುದಿಲ್ಲ, ಅಷ್ಟೇ ಕಾರಣ. ಅಷ್ಟಾದರೂ ಮುಂದಿನ ಅಧ್ಯಾಯದಲ್ಲಿ ಇನ್ನೇನು ಒಪ್ಪಿಬಿಡುತ್ತಾಳೆ ಅನ್ನುವ ಹಂತಕ್ಕೆ ಬರುತ್ತಾಳೆ. ಒಳ್ಳೆಯವರ ಒತ್ತಾಯ ಹಾಗೇ ಇರುತ್ತದೆ. ಅವರ ಮೇಲೆ ಕೋಪ ಮಾಡಿಕೊಳ್ಳಲೂ ಆಗುವುದಿಲ್ಲ.

ಬರೆದ ಶಾರ್ಲೆಟ್ ಬ್ರಾಂಟೆಗೆ ಇದು ಗೊತ್ತಿತ್ತು. 1839ರಲ್ಲಿ ಗೆಳತಿಯ ಅಣ್ಣ ಹೆನ್ರಿ ನಸ್ಸಿ ಎಂಬ ಪಾದ್ರಿ ಅವಳನ್ನು ಮದುವೆಗೆ ಕೇಳಿದ್ದ. ಅವಳಿಗೆ ಆಗ 22 ವರ್ಷ. ಯಾರ್ಕ್‌ಷೈರ್‌ನ ಹಾವರ್ತ್ ಎಂಬ ಊರಿನ ಪಾದ್ರಿಯ ಮಗಳು, ಆಸ್ತಿ ಇಲ್ಲ. ಆದರೂ ಮರ್ಯಾದೆಯಿಂದಲೇ ಆಗುವುದಿಲ್ಲ ಅಂತ ಕಾಗದ ಬರೆದಳು. ಅದಕ್ಕೆ ಎರಡು ವರ್ಷ ಮೊದಲು ಆಸ್ಥಾನಕವಿ ರಾಬರ್ಟ್ ಸೌದಿ, ಸಾಹಿತ್ಯ ಹೆಂಗಸಿನ ಬದುಕಿನ ಕೆಲಸವಾಗಲಾರದು, ಆಗಲೂಬಾರದು ಅಂತ ಅವಳಿಗೆ ಬರೆದಿದ್ದ. 1847ರಲ್ಲಿ ಕರರ್ ಬೆಲ್ ಎಂಬ ಹೆಸರಲ್ಲಿ 'ಜೇನ್ ಏರ್' ಬಂತು.

ಈ ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಜಮೈಕಾದಿಂದ ಬಂದ ಆ ಅಟ್ಟದ ಹೆಂಡತಿ ಬರ್ಥಾಳ ಬಾಯಿಂದ ಅವಳ ಕಥೆ ಒಂದು ಸಾಲೂ ಬರುವುದಿಲ್ಲ. 1966ರಲ್ಲಿ ಜೀನ್ ರೀಸ್, ಅವಳೂ ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದವಳು, ಬರ್ಥಾಳ ಕಥೆಯನ್ನೇ 'ವೈಡ್ ಸರ್ಗಾಸೊ ಸೀ' ಅಂತ ಬರೆದಳು. ನೂರಾ ಹತ್ತೊಂಬತ್ತು ವರ್ಷ ಆದಮೇಲೆ! ಜೇನ್‌ಗೆ ಇದ್ದ ಬಾಯಿ ಇವಳಿಗೆ ಯಾಕಿಲ್ಲ ಅಂತ ಕೇಳಬೇಕಾದರೆ, ಮೊದಲು ಜೇನ್ ಮಾತಾಡಿರಬೇಕಿತ್ತು ಅಲ್ವಾ?

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನನಗೂ 23ಕ್ಕೆ ಎಂ.ಎ. ಸೀಟು ಸಿಕ್ಕಿತ್ತು. ಸಂಬಂಧ ಚೆನ್ನಾಗಿದೆ ಅಂದರು, ನಾನೂ ತಪ್ಪು ಹುಡುಕಿ ಸಿಗದೆ ಹೂಂ ಅಂದೆ. ನಿನ್ನ ಮಾವ ನಿಜಕ್ಕೂ ಒಳ್ಳೆಯವರು. ಆದರೆ ಆ ಎಂ.ಎ. ಮುಗಿಸಿದ್ದು 44ಕ್ಕೆ, ಅಂಚೆ ತೆರಪಿನಲ್ಲಿ. ಆ ಮಧ್ಯದ ವರ್ಷಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅದಕ್ಕೇ ಹೇಳುತ್ತೇನೆ, ಅವನಲ್ಲಿ ತಪ್ಪು ಹುಡುಕುವುದನ್ನು ಬಿಡು. ನೇರವಾಗಿ ಅವನಿಗೇ ಕೇಳು: ಥೀಸಿಸ್ ಮುಗಿಸಿಕೊಂಡು ಬಂದರೆ ಆಗುತ್ತದಾ? ಖುಷಿಯಿಂದ ಹೂಂ ಅಂದರೆ ಶಾಲೆಯ ಮಾತು ಆಮೇಲೆ ಕೂತು ಆಡಬಹುದು. ಆಗಲ್ಲ ಅಂದರೆ ನೀನೂ ಆಗಲ್ಲ ಅನ್ನು. ಅದಕ್ಕಿಂತ ಜಾಸ್ತಿ ವಿವರಣೆ ಯಾರಿಗೂ ಕೊಡಬೇಕಿಲ್ಲ. ನಿನ್ನಪ್ಪನ ಹತ್ತಿರ ನಾನು ಮಾತಾಡುತ್ತೇನೆ, ಎಷ್ಟಾದರೂ ನನ್ನ ತಮ್ಮ.

ಪುಸ್ತಕ ಇವತ್ತೇ ಅಂಚೆಯಲ್ಲಿ ಕಳಿಸಿದ್ದೇನೆ. 34ನೇ ಅಧ್ಯಾಯಕ್ಕೆ ಹಳೇ ಬಸ್ ಟಿಕೆಟ್ ಇಟ್ಟಿದ್ದೇನೆ. ಅವನಿಗೆ ಫೋನ್ ಮಾಡುವ ಮೊದಲು ಅಷ್ಟನ್ನು ಓದಿಕೋ.

ಇಂತಿ,
ನಿನ್ನ ಅತ್ತೆ