ಗೆಳೆಯನಿಗೊಂದು ಪತ್ರ: ಅವ್ವನ ಅಕ್ಕಡಿ ಸಾಲು

ಕುಣಿಗಲ್ ಸೀಮೆ,
ಜನವರಿ 2026

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಹದಿನೈದು ದಿನ ಆಯ್ತು. ನಿಮ್ಮಪ್ಪನವರು ಬಿಟ್ಟುಹೋದ ಎರಡು ಎಕರೆ ಹೊಲ ಏನು ಮಾಡಲಿ, ಬೋರ್ ಕೊರೆಸಿ ಅಡಿಕೆ ಇಡಲಾ, ಇಲ್ಲ ಯಾರಿಗಾದರೂ ಕೊಟ್ಟುಬಿಡಲಾ ಅಂತ ಕೇಳಿದ್ದೀಯ. ಫೋನ್ ಮಾಡೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ. ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅನ್ನಿಸಿ ಸುಮ್ಮನಾದೆ. ಈಗ ಊಟ ಆಗಿ, ಮಕ್ಕಳು ಮಲಗಿದ ಮೇಲೆ ಬರೆಯೋಕೆ ಕೂತಿದ್ದೀನಿ. ಎಷ್ಟು ತೊಳೆದರೂ ಕೈಯಿಂದ ಅವರೆಕಾಯಿ ಸೊಗಡು ಹೋಗಿಲ್ಲ. ಕಾಗದಕ್ಕೂ ಒಂಚೂರು ಅಂಟಿರಬಹುದು, ಮೂಸಿ ನೋಡು.

ಸಂಜೆಯಿಂದ ನಮ್ಮ ನಡುಮನೆಯಲ್ಲಿ ಬೇಳೆ ಹಿದುಕುವ ಕೆಲಸ ನಡೆದಿತ್ತು. ನಿನ್ನೆ ಹೊಲದಿಂದ ಒಂದು ಮಂಕರಿ ಕಾಯಿ ಕಿತ್ತು ತಂದಿದ್ದೆ. ಅವ್ವ ಸುಲಿದು ರಾತ್ರಿಯೇ ಕಾಳು ನೆನೆಹಾಕಿದ್ದಳು. ಗೋಣಿತಟ್ಟು ಹಾಸಿಕೊಂಡು, ನಡುವೆ ಅಗಲವಾದ ಪಾತ್ರೆ ಇಟ್ಟುಕೊಂಡು ಐದೂ ಜನ ಕೂತೆವು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಈಚೆ ಬರುತ್ತಲ್ಲ, ಮಗಳು ಅದನ್ನೇ ತಮ್ಮನ ಮೂಗಿಗೆ ಗುರಿ ಇಟ್ಟು ಹಾರಿಸುತ್ತಿದ್ದಳು. ಅವ್ವ ಬೈಯಲಿಲ್ಲ. ನಾವಿಬ್ಬರೂ ಚಿಕ್ಕವರಾಗಿದ್ದಾಗ ನಿಮ್ಮ ಪಡಸಾಲೆಯಲ್ಲಿ ಮಾಡುತ್ತಿದ್ದದ್ದೂ ಇದೇ. ಆಗ ನಿಮ್ಮಜ್ಜಿ ನಮ್ಮಿಬ್ಬರ ಮೊಣಕಾಲಿಗೂ ಒಂದೊಂದು ಏಟು ಕೊಟ್ಟು, ಬಿದ್ದ ಬೇಳೆಯನ್ನೆಲ್ಲ ನಮ್ಮ ಕೈಯಲ್ಲೇ ಆರಿಸುತ್ತಿದ್ದರು. ನನಗೆ ಆ ಏಟೂ ನೆನಪಿದೆ, ಆಮೇಲೆ ತಟ್ಟೆಗೆ ಬಿದ್ದ ಬಿಸಿ ಸಾರೂ ನೆನಪಿದೆ.

ಹೀಗೆ ಐದು ಜನ ಒಟ್ಟಿಗೆ ನೆಲದ ಮೇಲೆ ಕೂತು ಎಷ್ಟು ವರ್ಷ ಆಗಿತ್ತು ಗೊತ್ತಾ? ಅವರೆಕಾಯಿ ಪೇಟೆಯಲ್ಲಿ ಸಿಗುತ್ತಿರಲಿಲ್ಲ ಅಂತಲ್ಲ. ಈಗ ವರ್ಷವಿಡೀ ಸಿಗುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತಳಿ ಮಾಡಿದ್ದಾರೆ. ಹಗಲು ಚಿಕ್ಕದಾಗಲಿ ದೊಡ್ಡದಾಗಲಿ, ಅದು ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತೆ. ರೈತರಿಗೆ ಅದರಿಂದ ನಾಲ್ಕು ಕಾಸು ಸಿಕ್ಕಿರೋದೂ ನಿಜ. ಆದರೆ ನಮ್ಮ ನಾಟಿ ಅವರೆ ಹಗಲು ಚಿಕ್ಕದಾಗೋ ತನಕ ಹೂ ಬಿಡಲ್ಲ. ರಾಗಿ ಕುಯ್ದು ಹೊಲ ಬರಿದಾದ ಮೇಲೂ ಅದು ಒಂಟಿಯಾಗಿ ನಿಂತು, ಇಬ್ಬನಿ ಕುಡಿದುಕೊಂಡು ಕಾಯಿ ಕಟ್ಟುತ್ತೆ. ಸೊಗಡು ಅನ್ನೋದು ಸಿಪ್ಪೆ ಮೇಲಿನ ಆ ಅಂಟು ಎಣ್ಣೆಯಲ್ಲಿರುತ್ತೆ. ಚಳಿಗಾಲದ ನಾಟಿ ಕಾಯಿಯಲ್ಲಿ ಸಿಗೋ ಸೊಗಡು ಬೇಸಿಗೆಯಲ್ಲಿ ಕೊಂಡ ಕಾಯಲ್ಲಿ ನನಗೆ ಒಂದು ಸಲವೂ ಸಿಕ್ಕಿಲ್ಲ. ಮನೆಯವರು ಒಲ್ಲೆನ್ನದೆ ಉಂಡಿದ್ದಾರೆ, ಆದರೆ ಯಾರೂ ಇನ್ನೊಂದು ಸೌಟು ಕೇಳಿರಲಿಲ್ಲ.

ನಮ್ಮ ಹೊಲದಲ್ಲಿ ಅವರೆ ನಿಂತುಹೋದದ್ದು ಹೇಗೆ ಅಂತ ನಿನಗೆ ತಿಳಿದಿರಲಿಕ್ಕಿಲ್ಲ, ನೀನು ಆಗ ಪುಣೆಗೆ ಹೋಗಿಯಾಗಿತ್ತು. ಕುಯಿಲಿಗೆ ಆಳು ಸಿಗೋದು ಕಷ್ಟ ಆಯ್ತು. ಊರಿಗೆ ರಾಗಿ ಕುಯ್ಯೋ ಮಿಷನ್ ಬಂತು. ಮಿಷನ್ ಓಡಬೇಕಾದರೆ ಹೊಲದಲ್ಲಿ ರಾಗಿ ಒಂದೇ ಇರಬೇಕು. ನಡುವೆ ತೊಗರಿ ಕಡ್ಡಿ, ಅವರೆ ಬಳ್ಳಿ ಇದ್ದರೆ ಸಿಕ್ಕಿಕೊಳ್ಳುತ್ತೆ ಅಂತ ಡ್ರೈವರು ಬರೋಕೇ ಒಪ್ಪುತ್ತಿರಲಿಲ್ಲ. ಅದಕ್ಕೂ ಮುಂಚೆಯೇ ಕಳೆನಾಶಕ ಬಂದಿತ್ತು. ಅಗಲ ಎಲೆಯ ಕಳೆ ಸಾಯಿಸೋ ಔಷಧಿಗೆ ಇದು ಅವರೆ, ಇದು ಕಳೆ ಅಂತ ಗೊತ್ತಾಗುತ್ತದೆಯೇ? ಹುಚ್ಚೆಳ್ಳು, ಅಲಸಂದೆ, ತೊಗರಿ ಎಲ್ಲ ಸುಟ್ಟುಹೋಗುತ್ತಿದ್ದವು. ಎರಡು ವರ್ಷ ನೋಡಿ ಅಪ್ಪ ಅಕ್ಕಡಿ, ಅಂದರೆ ರಾಗಿ ಸಾಲುಗಳ ನಡುವೆ ಬೇಳೆಕಾಳಿನ ಸಾಲು, ಹಾಕೋದನ್ನೇ ಬಿಟ್ಟ. ಅಪ್ಪನನ್ನ ನಾನು ದೂರಲ್ಲ. ಮೊಣಕಾಲು ಸೋತ ಮನುಷ್ಯ ಒಬ್ಬನೇ ಇನ್ನೇನು ಮಾಡಲು ಸಾಧ್ಯವಿತ್ತು? ನಾನು ಆಗ ಬೆಳಗ್ಗೆ ಎಂಟಕ್ಕೆ ಬೈಕು ಹತ್ತಿದರೆ ಮನೆಗೆ ಬರೋದು ದೀಪ ಹಚ್ಚಿದ ಮೇಲೆಯೇ.

ಅವ್ವ ಮಾತ್ರ ಆ ವರ್ಷ ಒಂದು ಮಾತು ಅಂದಿದ್ದಳು: "ರಾಗಿ ಬೆಳ್ಕೊಂಡು ಬೇಳೆಗೆ ಅಂಗ್ಡಿಗೆ ಓಗಂಗಾಯ್ತಲ್ಲಪ್ಪ." ನಾನು ಅದನ್ನ ಕಿವಿಗೆ ಹಾಕಿಕೊಂಡಿರಲಿಲ್ಲ.

ಯೋಚಿಸಿದರೆ ಗೊತ್ತಾಗುತ್ತೆ ಕಣೋ. ರಾಗಿ ಅಪ್ಪನ ಬೆಳೆ. ಎಷ್ಟು ಪಲ್ಲ ಆಯ್ತು, ಯಾವ ರೇಟಿಗೆ ಹೋಯ್ತು, ಸಾಲಕ್ಕೆ ಎಷ್ಟು ಕಟ್ಟಿದೆವು, ಎಲ್ಲಾ ಲೆಕ್ಕ ಅದರದ್ದೇ. ಎಂಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ, ಆ ಒಂದು ಸಾಲು ಅವ್ವನದು. ಅವರೆ, ತೊಗರಿ, ಅಲಸಂದೆ, ಜೋಳ, ಒಂದು ಹಿಡಿ ಸಾಸಿವೆ. ಹೊಲದ ಅಂಚಿಗೆ ಹುಚ್ಚೆಳ್ಳು ಮತ್ತು ಹರಳು, ದನ ಅವಕ್ಕೆ ಬಾಯಿ ಹಾಕಲ್ಲ ಅನ್ನೋ ಕಾರಣಕ್ಕೆ. ಬೇಳೆ, ಕಾಳು, ಒಗ್ಗರಣೆ ಸಾಸಿವೆ, ಚಟ್ನಿಗೆ ಹುಚ್ಚೆಳ್ಳು, ತಲೆಗೆ ಹರಳೆಣ್ಣೆ ಎಲ್ಲಾ ಆ ಸಾಲಿನಿಂದ ಬರುತ್ತಿತ್ತು. ಅದಕ್ಕೆ ಯಾರೂ ಲೆಕ್ಕ ಬರೆಯಲಿಲ್ಲ. ಹೋದಾಗಲೂ ಲೆಕ್ಕದಲ್ಲಿ ಏನೂ ಕಮ್ಮಿ ಕಾಣಲಿಲ್ಲ. ಕಮ್ಮಿ ಆದದ್ದು ಅಡಿಗೆಮನೆಯಲ್ಲಿ. ಬಸ್ಸಾರು ವಾರಕ್ಕೊಂದು ಸಲ ಆಯ್ತು, ಹುಚ್ಚೆಳ್ಳು ಚಟ್ನಿ ನಿಂತೇಹೋಯ್ತು. ಹೊಲದ ಬೆರಕೆ ಸೊಪ್ಪೂ ಹೋಯ್ತು. ಕಳೆ ಅಂದುಕೊಂಡು ನಾವು ಸುಡುತ್ತಿದ್ದದ್ದರಲ್ಲೇ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕಿರಕೀರೆ ಇರುತ್ತಿದ್ದವಲ್ಲ! ಸಾರಿಗೇ ಗತಿ ಇಲ್ಲದ ಮೇಲೆ ಮಕ್ಕಳು ಮುದ್ದೆ ಯಾತಕ್ಕೆ ಉಣ್ಣುತ್ತವೆ? ನನ್ನ ಮಗಳು ಹತ್ತು ವರ್ಷ ಆಗುವ ತನಕ ಮುದ್ದೆ ಮುಟ್ಟಿರಲಿಲ್ಲ. ರಾಗಿ ಬೆಳೆಯೋ ಮನೆಯ ಮಗು ಅದು.

ಹೋದ ವರ್ಷ ಅಪ್ಪನ ಎರಡನೇ ವರ್ಷದ ಎಡೆಗೆ ಅವ್ವ ಹಿದುಕಿದ ಬೇಳೆ ಸಾರು ಮಾಡಬೇಕು ಅಂದಳು. ಅಪ್ಪನಿಗೆ ಅದು ಪ್ರಾಣ ಅನ್ನೋದು ನಿನಗೂ ಗೊತ್ತು. ಕುಣಿಗಲ್ ಸಂತೆಯಿಂದ ಕಾಯಿ ತಂದೆ. ಎಡೆ ಇಟ್ಟು, ಆಮೇಲೆ ತಾನೂ ಒಂದು ತುತ್ತು ಬಾಯಿಗಿಟ್ಟುಕೊಂಡು ಅವ್ವ ಸುಮ್ಮನೆ ಕೂತುಬಿಟ್ಟಳು. ಕೇಳಿದರೆ, "ನಿಮ್ಮಪ್ಪ ಇದ್ನ ಉಣ್ತಿರ್ಲಿಲ್ಲ ಕಣೋ" ಅಂದಳು. ಅಷ್ಟೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಕ್ಕಡಿ ಮತ್ತೆ ಹಾಕೋಣ ಅಂತ ನಾನು ಅಂದಾಗ ಮೊದಲ ತೊಡಕು ಬಿತ್ತನೆ ಬೀಜದ್ದು. ಮನೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಅವ್ವ ಬಸ್ಸು ಹತ್ತಿ ಹುಲಿಯೂರುದುರ್ಗದ ಕಡೆ ದೊಡ್ಡವ್ವನ ಮನೆಗೆ ಹೋದಳು. ಮೂರು ದಿನ ಬಿಟ್ಟು ಬಂದಾಗ ಚೀಲದ ತುಂಬ ಗಂಟುಗಳು. ಒಂದು ಸೇರು ಅವರೆ, ಬೂದಿ ಬೆರೆಸಿದ್ದು. ಕೆಮ್ಮಣ್ಣು ಕಟ್ಟಿದ ತೊಗರಿ. ಹಳೇ ಸೀರೆಯ ಚೂರಿನಲ್ಲಿ ಹುಚ್ಚೆಳ್ಳು. ದೊಡ್ಡವ್ವನಿಗೆ ಎಂಬತ್ತರ ಹತ್ತಿರ, ಕಣ್ಣು ಮಂಜು. ಆದರೂ ಬೀಜ ತಪ್ಪಿಸಿಲ್ಲ. ಒಂದು ಸೇರು ಕೊಟ್ಟರೆ ಎರಡು ಸೇರು ವಾಪಸು ಕೊಡಬೇಕು ಅನ್ನೋ ಹಳೇ ಕರಾರಿನ ಮೇಲೆ ಕೊಟ್ಟಿದ್ದಾಳೆ.

ಪುನರ್ವಸು ಮಳೆಗೆ ಬಿತ್ತಿದೆವು. ಟ್ರಾಕ್ಟರಿನಲ್ಲಿ ಉತ್ತರೂ ಬಿತ್ತೋಕೆ ಎತ್ತು ಕಟ್ಟಿದೆವು. ನಮ್ಮೂರಲ್ಲಿ ಈಗ ಉಳಿದಿರೋದು ಮೂರೇ ಜೊತೆ. ಅಟ್ಟದ ಮೇಲಿದ್ದ ಕೂರಿಗೆ ಇಳಿಸಿ, ಗೆದ್ದಲು ಹಿಡಿದಿದ್ದ ತಾಳು ಬದಲಾಯಿಸಿದೆವು. ಹಿಂದೆ ಸಡ್ಡೆ, ಅಂದರೆ ಬೀಜ ಬಿಡೋ ಕೊಳವೆ, ಕಟ್ಟಿ ಅಕ್ಕಡಿ ಬೀಜ ಬಿಡುತ್ತಾ ನಡೆದವಳು ಅವ್ವ. ನಾಲ್ಕು ಸಾಲು ಆದಮೇಲೆ ಸೊಸೆಯ ಕೈಗೆ ಕೊಟ್ಟು ಪಕ್ಕದಲ್ಲಿ ನಡೆದಳು. ಬೆರಳ ಸಂದಿಯಿಂದ ಕಾಳು ಎಷ್ಟು ಬಿಡಬೇಕು ಅನ್ನೋದನ್ನ ಬಾಯಲ್ಲಿ ಹೇಳೋಕಾಗಲ್ಲ ಅಂತ, ಅವಳ ಕೈ ಮೇಲೆ ತನ್ನ ಕೈ ಇಟ್ಟು ತೋರಿಸಿದಳು. ಅವರಿಬ್ಬರೂ ಹಾಗೆ ನಡೆದದ್ದನ್ನ ನೋಡೋಕೆ ನೀನಿರಬೇಕಿತ್ತು.

ರಾಗಿ ತಳಿ ಜಿಪಿಯು-28, ಬೆಂಕಿ ರೋಗ ತಡೆಯುತ್ತೆ ಅಂತ. ಅಪ್ಪ ಇಂಡಾಫ್ ಕಾಲದವನು. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಮಾಡಿದ ತಳಿಗಳವು. ಅದರಿಂದಲೇ ಮನೆ ನಿಂತಿತು ಅಂತ ಅಪ್ಪ ಅವರ ಹೆಸರು ತೆಗೆದಾಗಲೆಲ್ಲ ಕೈ ಮುಗಿಯುತ್ತಿದ್ದ.

ಕಳೆಗೆ ಎರಡು ಸಲ ಎಡೆಕುಂಟೆ ಹೊಡೆದು, ಉಳಿದದ್ದನ್ನ ಕೈಯಲ್ಲಿ ಕಿತ್ತೆವು. ಕುಯಿಲಿಗೆ ನಾಲ್ಕು ಮನೆಯವರು ಮುಯ್ಯಾಳು ಮಾಡಿಕೊಂಡೆವು. ಒಂದು ದಿನ ನಮ್ಮ ಹೊಲ, ಮಾರನೇ ದಿನ ಅವರದು. ಭಾನುವಾರ ಮಕ್ಕಳೂ ಬಂದವು. ಮಿಷನ್ನಿಗೆ ಕೊಡೋ ದುಡ್ಡು ಉಳಿಯಿತು. ಹುಲ್ಲು ಪುಡಿಯಾಗದೆ ಇಡಿಯಾಗಿ ಸಿಕ್ಕಿತು, ಹಿತ್ತಲಲ್ಲಿ ಮೆದೆ ಎದ್ದಿದೆ. ಸೊಂಟ ಹಿಡಿದದ್ದೂ ನಿಜ. ನನ್ನ ಹೆಂಡತಿಗೆ ಒಂದು ವಾರ ಬಗ್ಗೋಕೆ ಆಗಲಿಲ್ಲ. ಈ ಕಷ್ಟ ಮುಚ್ಚಿಟ್ಟು ನಿನಗೆ ಬರೆದರೆ ತಪ್ಪಾಗುತ್ತೆ.

ಕಾರ್ತಿಕದಲ್ಲಿ ಅಂಚಿನ ತುಂಬ ಹುಚ್ಚೆಳ್ಳು ಹೂವು. ಜೇನು ಗುಯ್‌ಗುಟ್ಟೋ ಸದ್ದು ರಸ್ತೆಗೇ ಕೇಳಿಸುತ್ತಿತ್ತು. ಮಗ ಸ್ಕೂಲಿಂದ ಬಂದವನು ಬ್ಯಾಗು ಬಿಸಾಕಿ ಅಲ್ಲಿಗೆ ಓಡುತ್ತಿದ್ದ.

ಮೊದಲ ಹಿದುಕಿದ ಬೇಳೆ ಸಾರಿನ ದಿನ ಏನಾಯ್ತು ಹೇಳುತ್ತೀನಿ. ಅವ್ವ ಎಸರಿಗೆ ಹಿಟ್ಟು ಹಾಕಿ, ಕವೆಗೋಲು ಕೊಟ್ಟು ತಿರುವಿ ಮುದ್ದೆ ಕಟ್ಟಿದಳು. ಮಗಳಿಗೆ ಎಂದಿನಂತೆ ಅನ್ನ. ಅವಳು ಸಾರು ಕಲಸಿಕೊಂಡು ಎರಡು ತುತ್ತು ತಿಂದು, ಅಜ್ಜಿಯ ತಟ್ಟೆ ಕಡೆ ನೋಡಿದಳು. ಅವ್ವ ಏನೂ ಅನ್ನದೆ ತನ್ನ ಮುದ್ದೆಯಿಂದ ಗೋಲಿಯಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ ಅವಳ ಬಾಯಿಗಿಟ್ಟಳು. "ಅಗೀಬೇಡ, ನುಂಗು." ನುಂಗಿದಳು. ಬಾಯಿ ತೆರೆದಳು. ಇನ್ನೊಂದು. ಹೀಗೆ ಅಜ್ಜಿಯ ಅರ್ಧ ಮುದ್ದೆ ಖಾಲಿ. ಈಗ ಅವಳಿಗೆ ಬೇರೆ ಮುದ್ದೆ ಕಟ್ಟಬೇಕು, ನಿಂಬೆಹಣ್ಣಿನಷ್ಟು ಚಿಕ್ಕದು. ನಿನ್ನ ಮಗನಿಗೆ ಡಬ್ಬಿಯ ರಾಗಿ ಮಾಲ್ಟ್ ಕೊಡುತ್ತಿದ್ದೀವಿ ಅಂತ ಬರೆದಿದ್ದೀಯ. ಕೊಡು, ತಪ್ಪಿಲ್ಲ. ಆದರೆ ಒಂದು ಸಲ ಅವನನ್ನ ನಮ್ಮವ್ವನ ಪಕ್ಕ ಊಟಕ್ಕೆ ಕೂರಿಸು.

ಇನ್ನು ನೀನು ಕೇಳಿದ ದುಡ್ಡಿನ ಮಾತು. ನಮಗೆ ಎಕರೆಗೆ 8 ಕ್ವಿಂಟಲ್ ರಾಗಿ ಆಯ್ತು. ಸರ್ಕಾರದ ಬೆಂಬಲ ಬೆಲೆ 2025-26ರ ಸಾಲಿಗೆ ಕ್ವಿಂಟಲ್‌ಗೆ 4,886 ರೂಪಾಯಿ. ಪೂರ್ತಿ ಮಾರಿದರೆ ಎಕರೆಗೆ 39 ಸಾವಿರದ ಆಸುಪಾಸು, ಅದರಲ್ಲಿ ಖರ್ಚು ಕಳೆಯಬೇಕು. ಅಡಿಕೆಯ ಮುಂದೆ ಇದು ಸಣ್ಣ ದುಡ್ಡು, ಒಪ್ಪುತ್ತೀನಿ. ಆದರೆ ಅಡಿಕೆಗೆ ಎಕರೆಗೆ ಐನೂರರ ಮೇಲೆ ಗಿಡ, ಫಸಲು ಕಾಣೋಕೆ ಐದಾರು ವರ್ಷ, ಅಷ್ಟೂ ವರ್ಷ ಬೇಸಿಗೆಯಲ್ಲಿ ಒಂದು ವಾರವೂ ನೀರು ತಪ್ಪೋ ಹಾಗಿಲ್ಲ. ನಿಮ್ಮ ಹೊಲದ ಮಗ್ಗುಲಲ್ಲೇ ಎರಡು ಬೋರು ಕೊರೆಸಿ 900 ಅಡಿಗೂ ಬರೀ ದೂಳು ಎದ್ದದ್ದನ್ನ ನಾನೇ ನಿಂತು ನೋಡಿದ್ದೀನಿ. ಅದು ಕೆಮ್ಮಣ್ಣಿನ ಒಣ ಹೊಲ, ರಾಗಿ ಹೊಲ. ಪುಣೆಯಲ್ಲಿದ್ದುಕೊಂಡು ಅಲ್ಲಿ ಗಿಡಕ್ಕೆ ನೀರು ಹೊಂದಿಸೋಕೆ ಆಗುತ್ತಾ, ನೀನೇ ಹೇಳು. ನನಗಂತೂ ಅದು ಸರಿ ಕಾಣಲ್ಲ.

ಮಾರಬೇಡ. ಯಾರಿಗೋ ಕೊಟ್ಟು ಮರೆಯಲೂಬೇಡ. ಒಂದು ವರ್ಷದ ಮಟ್ಟಿಗೆ ನನಗೆ ಅರ್ಧ ಪಾಲಿನ ವಾರಕ್ಕೆ ಕೊಡು. ನಾಲ್ಕು ಮನೆಯ ಮುಯ್ಯಿಗೆ ನಿನ್ನ ಹೊಲವನ್ನೂ ಸೇರಿಸಿಕೊಳ್ಳುತ್ತೀವಿ. ರಾಗಿಯಲ್ಲಿ ಅರ್ಧ ನಿನ್ನದು, ಮಾರಿ ದುಡ್ಡು ಕಳಿಸು ಅಂದರೆ ಕಳಿಸುತ್ತೀನಿ. ಅಕ್ಕಡಿ ಮಾತ್ರ ಮಾರಲ್ಲ. ನಿನ್ನ ಪಾಲಿನ ಬೇಳೆ ಕಾಳು ಪುಣೆಗೆ ಬರುತ್ತೆ, ಇಲ್ಲ ನೀನೇ ಬಂದು ಒಯ್ಯಬೇಕು. ನೀನು ಬರೋದು ನನಗೆ ಹೆಚ್ಚು ಇಷ್ಟ. ಅಮ್ಮನನ್ನೂ ಕರೆದುಕೊಂಡು ಬಾ. ನಮ್ಮವ್ವ ಅವರನ್ನ ಕೇಳದ ವಾರ ಇಲ್ಲ.

ನಾಟಿ ಅವರೆ ಇನ್ನೂ ಮೂರು ವಾರ ಸಿಗುತ್ತೆ. ದೊಡ್ಡವ್ವನಿಗೆ ಎರಡು ಸೇರು ಅಳೆದು ಕಟ್ಟಿಟ್ಟಾಯ್ತು. ಅದರ ಪಕ್ಕದಲ್ಲೇ ಅವ್ವ ಇನ್ನೊಂದು ಸೇರು ಬೂದಿ ಬೆರೆಸಿ ಗಂಟು ಕಟ್ಟಿ ಇಟ್ಟಿದ್ದಾಳೆ. ಯಾರಿಗೆ ಅಂದೆ. ನಿನ್ನ ಹೆಸರು ಹೇಳಿದಳು.

ಇಂತಿ,
ನಿನ್ನ ಗೆಳೆಯ