ಅಳತೆ ಪುಸ್ತಕದ ಕೊನೇ ಪುಟಗಳು

ಮಾನ್ಯ ಸಂಪಾದಕರೇ,

ಮಗಳ ಪುಣ್ಯಸ್ಮರಣೆಗೆ ನಿಮ್ಮ ಪತ್ರಿಕೆಯಲ್ಲಿ ಒಂದು ಜಾಹೀರಾತು ಹಾಕಿಸೋಣ ಅಂತ ಮೊನ್ನೆ ನಮ್ಮೂರಿನ ಏಜೆಂಟರ ಹತ್ತಿರ ಹೋಗಿದ್ದೆ. ಒಂದು ಫೋಟೊ, ಹೆಸರು, ಹುಟ್ಟಿದ ತಾರೀಖು, ತೀರಿಕೊಂಡ ತಾರೀಖು, ಕೆಳಗೆ ಎರಡು ಸಾಲು, ಇಷ್ಟೇ ಜಾಗ ಅಂದರು. ನಾನು ಟೈಲರ್. ಬಟ್ಟೆ ನೋಡಿದ ಕೂಡಲೇ ಇದರಲ್ಲಿ ಏನು ಆಗುತ್ತೆ, ಏನು ಆಗಲ್ಲ ಅಂತ ಗೊತ್ತಾಗಿಬಿಡುತ್ತೆ. ಅಷ್ಟು ಬಟ್ಟೆಯಲ್ಲಿ ನನ್ನ ಮಗಳಿಗೆ ಒಂದು ಕಾಲರ್ ಕೂಡ ಆಗುವುದಿಲ್ಲ. ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ವಾಪಸ್ ಬಂದೆ. ಅದಕ್ಕೇ ಈ ಪತ್ರ. ಉದ್ದ ಆಯಿತು ಅನಿಸಿದರೆ ಕತ್ತರಿಸಿ, ಬೇಜಾರಿಲ್ಲ, ಕತ್ತರಿ ಹಿಡಿಯೋರ ಕಷ್ಟ ನನಗೂ ಗೊತ್ತು.

ನಿಜ ಹೇಳಬೇಕೆಂದರೆ ಇದು ನಿಮಗೆ ಬರೆದ ಪತ್ರ ಅಲ್ಲ. ನಿಮ್ಮ ಓದುಗರಲ್ಲಿ ಕೆಲವರಿಗೆ ಬರೆದದ್ದು. ಅವರ ಹೆಸರು ನನಗೆ ಗೊತ್ತಿಲ್ಲ, ಊರು ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ. ಅವರ ರಕ್ತ ಬಿ ಪಾಸಿಟಿವ್. 2004ರಿಂದ 2018ರ ಒಳಗೆ, ದಾವಣಗೆರೆ ಕಡೆ ಎಲ್ಲೋ, ಕಾಲೇಜಿನಲ್ಲೋ, ಗಣಪತಿ ಪೆಂಡಾಲ್ ಪಕ್ಕದಲ್ಲೋ, ಯಾರೋ ಮುಖಂಡರ ಹುಟ್ಟುಹಬ್ಬದ ಶಿಬಿರದಲ್ಲೋ ಹತ್ತು ನಿಮಿಷ ತೋಳು ಚಾಚಿ ಮಲಗಿದ್ದರು. ಆಮೇಲೆ ಬಿಸ್ಕತ್ತು ತಿಂದು, ಜ್ಯೂಸ್ ಕುಡಿದು, ಮನೆಗೆ ಹೋಗಿ ಮರೆತಿರುತ್ತಾರೆ. ಅವರು ಕೊಟ್ಟಿದ್ದು ಎಲ್ಲಿಗೆ ಹೋಯಿತು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಅದು ನಮ್ಮ ಮನೆಗೆ ಬಂತು. ಹರಿಹರಕ್ಕೆ.

ಮಗಳಿಗೆ ಥಲಸ್ಸೇಮಿಯಾ ಇತ್ತು. ಹುಟ್ಟಿದ್ದು 2003ರ ಆಗಸ್ಟಿನಲ್ಲಿ, ಏಳು ತಿಂಗಳಾಗುವಷ್ಟರಲ್ಲಿ ಸುಣ್ಣದ ಥರ ಬಿಳಿಚಿಕೊಂಡಳು. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ ಅದು. ಬೇರೆಯವರ ರಕ್ತ ಹಾಕಬೇಕು, ಮೂರು ವಾರಕ್ಕೊಮ್ಮೆ, ಬದುಕಿರುವಷ್ಟು ದಿನ. ನನ್ನ ಹೆಂಡತಿ ನನ್ನ ಅಕ್ಕನ ಮಗಳೇ, ಸಂಬಂಧದಲ್ಲೇ ಮದುವೆ. ಇಬ್ಬರ ರಕ್ತದಲ್ಲೂ ಈ ಕಾಯಿಲೆಯ ಅಂಶ ಇತ್ತು, ಇಬ್ಬರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಅದು ಒಬ್ಬರಲ್ಲೇ ಇದ್ದರೆ ಗೊತ್ತಾಗುವಂಥದ್ದು ಏನೂ ಮಾಡಲ್ಲ. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಪೂರ್ತಿ ಕಾಯಿಲೆ ಬರುವ ಸಾಧ್ಯತೆ. ಮದುವೆಗೆ ಮುಂಚೆ ಹಿಮೋಗ್ಲೋಬಿನ್ ಎ2 ಅನ್ನೋ ಒಂದು ರಕ್ತಪರೀಕ್ಷೆ ಮಾಡಿಸಿದ್ದರೆ ತಿಳಿಯುತ್ತಿತ್ತು. ನಾವು ಜಾತಕ ಮಾತ್ರ ನೋಡಿಸಿದ್ದೆವು. ಅಪ್ಪ ಅಮ್ಮ ಇಬ್ಬರಿಂದಲೂ ಸಮವಾಗಿ ಬರುವ ಕಾಯಿಲೆಗೆ ನೆಂಟರು ಹೆಂಡತಿಯೊಬ್ಬಳನ್ನೇ ಬೈದರು, ಅದನ್ನು ಇಲ್ಲಿ ಜಾಸ್ತಿ ಬರೆಯಲ್ಲ.

ರಕ್ತ ಕಮ್ಮಿ ಅಂತ ತಿಳಿದವರೆಲ್ಲ ಮನೆಗೆ ನುಗ್ಗೆಸೊಪ್ಪು, ದಾಳಿಂಬೆ, ಖರ್ಜೂರ, ಬೆಲ್ಲ ತಂದು ಕೊಡೋರು. ಪ್ರೀತಿಯಿಂದಲೇ ಕೊಡೋರು. ಅವರಿಗೆ ಹೇಗೆ ಹೇಳೋದು, ಈ ಮಕ್ಕಳಿಗೆ ಕಬ್ಬಿಣವೇ ಶತ್ರು ಅಂತ? ಒಂದು ಬ್ಯಾಗ್ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಬರುತ್ತೆ. ಮೈ ತಾನಾಗಿ ಹೊರಗೆ ಹಾಕೋದು ದಿನಕ್ಕೆ 1 ಮಿಲಿಗ್ರಾಂ ಅಷ್ಟೇ. ಉಳಿದದ್ದು ಯಕೃತ್ತಿನಲ್ಲಿ, ಹೃದಯದಲ್ಲಿ ಸೇರಿಕೊಳ್ಳುತ್ತಾ ಹೋಗುತ್ತೆ. ಬದುಕಿಸೋದೂ ಅದೇ, ಕೊಲ್ಲೋದೂ ಅದೇ. ಊಟದ ಜೊತೆ ಚಹಾ ಕುಡಿದರೆ ಅನ್ನ ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಕಮ್ಮಿ ಹತ್ತುತ್ತೆ ಅಂತ ಡಾಕ್ಟರು ಹೇಳಿದ ದಿನ ನಮ್ಮ ಪುಟ್ಟಿಗೆ ಹಬ್ಬ. ಓಣಿಯ ಮಕ್ಕಳಿಗೆಲ್ಲ ಹಾಲು, ಇವಳಿಗೆ ಮಾತ್ರ ಡಾಕ್ಟರ ಅಪ್ಪಣೆಯ ಚಹಾ. ಲೋಟ ಹಿಡಿದು ಬಾಗಿಲಲ್ಲೇ ನಿಂತು ಎಲ್ಲರಿಗೂ ಕಾಣುವ ಹಾಗೆ ಕುಡಿಯುತ್ತಿದ್ದಳು.

ಈಗ ಪುಸ್ತಕದ ವಿಷಯ. ನನ್ನ ಅಂಗಡಿಯಲ್ಲಿ ಒಂದು ಅಳತೆ ಪುಸ್ತಕ ಇದೆ, ಗಿರಾಕಿಗಳ ಎದೆ, ಸೊಂಟ, ತೋಳು, ಉದ್ದ ಎಲ್ಲ ಅದರಲ್ಲಿ. ಮಗಳಿಗೆ ಮೂರು ವರ್ಷ ಆದಾಗಿನಿಂದ ಅದರ ಕೊನೇ ಪುಟಗಳಲ್ಲಿ ಬ್ಯಾಗ್ ನಂಬರು ಬರೆಯೋಕೆ ಶುರು ಮಾಡಿದೆ. ರಕ್ತ ಹಾಕುವ ಮುಂಚೆ ಸಿಸ್ಟರು ಬ್ಯಾಗ್ ಮೇಲಿನ ನಂಬರನ್ನೂ ಫಾರಂ ಮೇಲಿನ ನಂಬರನ್ನೂ ಜೋರಾಗಿ ಓದಿ ತಾಳೆ ನೋಡುತ್ತಿದ್ದರು. ಮೊದಮೊದಲು ಹೆದರಿಕೆಗೆ ನಾನೂ ಬರೆದುಕೊಂಡೆ, ಆಮೇಲೆ ರೂಢಿಯಾಯಿತು.

ಆ ನಂಬರುಗಳಿಗೆ ಹೆಸರು ಇಟ್ಟಿದ್ದು ಪುಟ್ಟಿ. ಐದೋ ಆರೋ ವರ್ಷ ಇರಬೇಕು, ಒಂದು ದಿನ ಬ್ಲಡ್ ಹಾಕಿಸಿಕೊಂಡು ದಾವಣಗೆರೆ ಬಸ್‌ಸ್ಟ್ಯಾಂಡಿಗೆ ಬರ್ತಾ ಇದ್ದಂಗೆ, 'ಅಪ್ಪಾಜಿ, ಮಂಡಕ್ಕಿ ಮಿರ್ಚಿ ಬೇಕು' ಅಂದಳು. ಅಲ್ಲಿಯವರೆಗೆ ಖಾರ ಮುಟ್ಟಿದವಳಲ್ಲ. ಇದೇನೇ ಅಂದೆ. 'ನನಗಲ್ಲ, ಇವತ್ತು ರಕ್ತ ಕೊಟ್ಟರಲ್ಲ, ಅವರಿಗೆ ಬೇಕಂತೆ' ಅಂದಳು. ನಾನು ನಗುತ್ತಾ ಆ ನಂಬರಿನ ಮುಂದೆ 'ಮಿರ್ಚಿ' ಅಂತ ಬರೆದೆ. ಅಲ್ಲಿಂದ ಇದೇ ಆಟ. ಒಂದು ಸಲ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಬೇಕು ಅಂತ ಹಟ ಮಾಡಿದಳು, ಆ ಬ್ಯಾಗ್ ಡ್ರೈವರ್ ಮಾಮಂದು. ಒಂದು ಸಲ ಎರಡು ದಿನ ಪುಸ್ತಕ ಮುಟ್ಟಲಿಲ್ಲ, ಅದು ಫೇಲಾದ ಕಾಲೇಜು ಹುಡುಗಂದು. ಸುಮ್ನೆ ಸುಮ್ನೆ ಅಳು ಬಂದರೆ ಯಾರೋ ಹೊಸದಾಗಿ ಮದುವೆಯಾಗಿ ಗಂಡನ ಮನೆಗೆ ಹೋದ ಅಕ್ಕಂದು. ಒಂದು ವಾರ ಪೂರ್ತಿ ಅಂಗಡಿಯಲ್ಲಿ ಗಿರಾಕಿಗಳ ಹತ್ತಿರ ಚೌಕಾಸಿ ಮಾಡಿ ನನಗೆ ಹೊಲಿಗೆ ಕೂಲಿ ಜಾಸ್ತಿ ಕೊಡಿಸಿದಳು, ಅದು ಬಟ್ಟೆ ವ್ಯಾಪಾರಿಯದ್ದು ಅಂತ ಇಬ್ಬರೂ ಒಪ್ಪಿಕೊಂಡೆವು. ರಕ್ತದ ಜೊತೆ ರುಚಿ ಬರಲ್ಲ ಅಂತ ಡಾಕ್ಟರು ಅವಳಿಗೆ ಬಿಡಿಸಿ ಹೇಳಿದರು. 'ನಿಮಗೆ ಯಾವತ್ತಾದ್ರೂ ಹಾಕಿದಾರಾ?' ಅಂತ ಕೇಳಿದಳು. ಅವರು ಸುಮ್ಮನಾದರು.

ನನ್ನ ರಕ್ತ ಕೊಡೋಣ ಅಂತ ಹೋದರೆ ಅಲ್ಲೂ ಆಗಲಿಲ್ಲ. ಕೊಡುವವರಿಗೆ ಹಿಮೋಗ್ಲೋಬಿನ್ 12.5 ಇರಲೇಬೇಕು, ನನ್ನದು ಯಾವಾಗ ನೋಡಿದರೂ 11ರ ಆಸುಪಾಸು. ಅದೇ ಕಾಯಿಲೆಯ ಅಂಶ ನನ್ನಲ್ಲೂ ಇದೆಯಲ್ಲ. ಮಗಳಿಗೆ ಕಾಯಿಲೆ ಕೊಡೋಕೆ ಆಯಿತು, ರಕ್ತ ಕೊಡೋಕೆ ಆಗಲಿಲ್ಲ. ಅವಳ ತಮ್ಮ ಹೊಟ್ಟೆಯಲ್ಲಿದ್ದಾಗಲೇ ಬೆಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿದೆವು, ಅವನು ಆರಾಮಾಗಿದ್ದಾನೆ. ಅವನ ಅಸ್ಥಿಮಜ್ಜೆ, ಅಂದರೆ ಮೂಳೆಯೊಳಗೆ ರಕ್ತ ತಯಾರಾಗುವ ಭಾಗ, ಇವಳಿಗೆ ಹಾಕೋಕೆ ಹೊಂದಬಹುದು ಅಂತ ಆಸೆ ಇತ್ತು. ಹೊಂದಲಿಲ್ಲ.

ಹಾಗಾಗಿ ಅವಳನ್ನು ಸಾಕಿದ್ದು ನೀವು. ನಾನು ಹೊಲಿದಿದ್ದು ಅಂಗಿ ಮಾತ್ರ. ಎಲ್ಲ ಅಂಗಿಗೂ ಎರಡು ತೋಳಿನ ಹೊಲಿಗೆ ಬಿಚ್ಚಿ ಟಿಚ್ ಬಟನ್ ಇಟ್ಟಿದ್ದೆ, ಸೂಜಿ ಹಾಕುವಾಗ ತೋಳು ಮಡಚಿ ಬಿಗಿಯಾಗಬಾರದು ಅಂತ. ಒಳಗಡೆ ಸೊಂಟದ ಹತ್ತಿರ ಒಂದು ಜೇಬು, ಕಬ್ಬಿಣ ತೆಗೆಯುವ ಔಷಧಿಯ ಪಂಪ್ ಇಡೋಕೆ. ರಾತ್ರಿ ಹೊಟ್ಟೆಯ ಚರ್ಮದ ಕೆಳಗೆ ಸಣ್ಣ ಸೂಜಿ ಚುಚ್ಚಿದರೆ ಬೆಳಗಿನವರೆಗೆ ಎಂಟು ಹತ್ತು ಗಂಟೆ ಔಷಧಿ ನಿಧಾನಕ್ಕೆ ಹೋಗಬೇಕು, ವಾರದಲ್ಲಿ ಐದು ರಾತ್ರಿ. ಆ ಪಂಪ್ ನಮಗೆ ಇನ್ನೊಂದು ಮನೆಯವರು ಕೊಟ್ಟಿದ್ದು, ಅವರ ಮಗುವಿಗೆ ಇನ್ನು ಬೇಡವಾಗಿತ್ತು. ಯಾಕೆ ಬೇಡವಾಯಿತು ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ದಿನವಿಡೀ ಸೂಜಿ ಹಿಡಿದೇ ಕೂರುವವನು ನಾನು, ಆದರೆ ಆ ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. 'ಇವತ್ತೊಂದಿನ ಬೇಡ ಅಪ್ಪಾಜಿ' ಅಂದರೆ ಸಾಕು, ಬಿಟ್ಟುಬಿಡುತ್ತಿದ್ದೆ. ದೀಪಾವಳಿ, ಯುಗಾದಿ, ಅಜ್ಜಿ ಬಂದ ದಿನ, ಅವಳಿಗೆ ಜ್ವರ ಬಂದ ದಿನ, ನನಗೆ ಆರ್ಡರ್ ಜಾಸ್ತಿ ಇದ್ದ ದಿನ. ಔಷಧಿಗೆ ದುಡ್ಡಿಲ್ಲದ ದಿನವೂ ಇದ್ದವು. ಹೆಂಡತಿ ಬೈಯುತ್ತಿದ್ದಳು, ನಾನೂ ಮಗಳೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಆಮೇಲೆ ನೀರಿನಲ್ಲಿ ಕರಗಿಸಿ ಕುಡಿಯುವ ಮಾತ್ರೆ ಬಂತು, ಸೂಜಿ ತಪ್ಪಿತು, ಆದರೆ ಅಷ್ಟರಲ್ಲಿ ಕಬ್ಬಿಣ ಹೃದಯಕ್ಕೆ ಹತ್ತಿತ್ತು. ಬಿಟ್ಟ ರಾತ್ರಿಗಳ ಲೆಕ್ಕ ಮಾತ್ರ ನಾನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆ ರಾತ್ರಿಗಳಲ್ಲಿ ಅವಳು ನನ್ನ ಪಕ್ಕ ಬೋರಲು ಮಲಗುತ್ತಿದ್ದಳು. ಸೂಜಿ ಇದ್ದರೆ ಬೋರಲು ಮಲಗೋಕೆ ಆಗಲ್ಲ.

ಅಳತೆ ಪುಸ್ತಕದ ಮುಂದಿನ ಪುಟಗಳಲ್ಲಿ ಅವಳ ಅಳತೆಯೂ ಇದೆ. ಹನ್ನೊಂದಕ್ಕೂ ಹದಿಮೂರಕ್ಕೂ ಫ್ರಾಕ್ ಉದ್ದ ಅರ್ಧ ಇಂಚು ಮಾತ್ರ ಜಾಸ್ತಿ. ಆ ಅರ್ಧ ಇಂಚನ್ನು ಟೇಪು ಎಳೆದು ಹಿಡಿದು ನಾನೇ ಬೆಳೆಸಿದ್ದೆ, ಅವಳು ಕೇಳಿಸಿಕೊಳ್ಳಲಿ ಅಂತ ಜೋರಾಗಿ ಹೇಳಿದ್ದೆ. ಅವಳಿಗೆ ಗೊತ್ತಾಗಿತ್ತು ಅನಿಸುತ್ತೆ.

ಏಪ್ರಿಲ್ ಮೇ ತಿಂಗಳು ನಮಗೆ ಪ್ರತಿ ವರ್ಷವೂ ಕಷ್ಟದ ಕಾಲ. ಕಾಲೇಜಿಗೆ ಪರೀಕ್ಷೆ, ರಜೆ, ಶಿಬಿರಗಳು ನಿಂತುಹೋಗುತ್ತವೆ. ಕೆಂಪು ಕಣ ತೆಗೆದಿಟ್ಟರೆ ಆರು ವಾರದವರೆಗೆ ಇಡಬಹುದು, ಅದಕ್ಕಿಂತ ಜಾಸ್ತಿ ಇಡೋಕಾಗಲ್ಲ. ಜನವರಿಯಲ್ಲಿ ಸಾಲಾಗಿ ನಿಂತು ಕೊಟ್ಟ ರಕ್ತ ಮೇ ತಿಂಗಳಿಗೆ ಇರುವುದಿಲ್ಲ. ಥಲಸ್ಸೇಮಿಯಾ ಮಕ್ಕಳಿಗೆ ಬದಲಿ ರಕ್ತ ಕೇಳಬಾರದು ಅಂತ ಇದ್ದರೂ, ಬೇಸಿಗೆಯಲ್ಲಿ 'ಯಾರನ್ನಾದರೂ ಕರಕೊಂಡು ಬನ್ನಿ' ಅಂದವರು ಇದ್ದಾರೆ. ಮೂರು ವಾರಕ್ಕೊಬ್ಬರಂತೆ ಹದಿನಾಲ್ಕು ವರ್ಷ ಕರಕೊಂಡು ಹೋಗುವಷ್ಟು ನೆಂಟರು ಯಾರಿಗಿರುತ್ತಾರೆ ಹೇಳಿ? 18 ತುಂಬಿದ್ದು, 45 ಕೆಜಿ ಇದ್ದು, ಆರೋಗ್ಯವಾಗಿದ್ದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಜೂನ್ 14ಕ್ಕೆ ರಕ್ತದಾನಿಗಳ ದಿನ ಅಂತ ಎಲ್ಲ ಕಡೆ ಶಿಬಿರ ಆಗುತ್ತೆ, ಒಳ್ಳೆಯದೇ, ಆದರೆ ಏಪ್ರಿಲಿನಲ್ಲಿ ಒಂದು ಮಾಡಿ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿರುತ್ತೇನೆ. ಪ್ಯಾಂಟಿನ ಅಳತೆ ಕೊಡೋಕೆ ಬಂದವರು ಏನು ಮಾಡ್ತಾರೆ ಪಾಪ, ನಿಂತು ಕೇಳಲೇಬೇಕು.

2018ರ ಏಪ್ರಿಲ್ ಕೊನೆಗೆ ಅವಳಿಗೆ ಉಸಿರಾಟ ಕಷ್ಟವಾಗಿ ಐಸಿಯುಗೆ ಸೇರಿಸಿದೆವು. ಅಲ್ಲೂ ಒಂದು ಬ್ಯಾಗ್ ಹಾಕಿದರು. ಬೇಸಿಗೆ, ಬಿ ಪಾಸಿಟಿವ್ ಇಲ್ಲ ಅಂದಿದ್ದರು, ಸಂಜೆ ಹೊತ್ತಿಗೆ ಎಲ್ಲಿಂದಲೋ ಬಂತು. ಹೃದಯಕ್ಕೆ ಭಾರವಾಗಬಾರದು ಅಂತ ಹನಿಹನಿಯಾಗಿ ಬಿಟ್ಟರು. ನಾಲ್ಕು ದಿನ ಆದಮೇಲೆ ಮೇ ತಿಂಗಳಲ್ಲಿ ಹೋದಳು. ಹದಿನೈದು ತುಂಬೋಕೆ ಮೂರು ತಿಂಗಳು ಬಾಕಿ ಇತ್ತು.

ಪುಸ್ತಕದಲ್ಲಿ 258 ನಂಬರುಗಳಿವೆ. ಮೊದಲ ವರ್ಷಗಳದ್ದು ಬರೆದಿಲ್ಲ, ಅವೂ ಸೇರಿದರೆ ಇನ್ನೂ ಜಾಸ್ತಿ. ಅಷ್ಟು ಜನ ಒಟ್ಟಿಗೆ ಬಂದರೆ ನಮ್ಮ ಓಣಿಯಲ್ಲಿ ನಿಲ್ಲೋಕೆ ಜಾಗ ಸಾಲಲ್ಲ. ಅವರಲ್ಲಿ ಕೆಲವರು ಈಗ ಇಲ್ಲದೆಯೂ ಇರಬಹುದು, ಕೆಲವರು ಮೊಮ್ಮಕ್ಕಳನ್ನು ಎತ್ತಿಕೊಂಡು ಇದನ್ನು ಓದುತ್ತಿರಬಹುದು. ನಿಮ್ಮಿಂದ ಅವಳು ಹದಿನಾಲ್ಕು ದೀಪಾವಳಿ ನೋಡಿದಳು, ತಮ್ಮನಿಗೆ ಸೈಕಲ್ ಕಲಿಸಿದಳು, ಕಾಜಾ ಹೊಲಿಯೋದು ನನಗಿಂತ ಚೆನ್ನಾಗಿ ಕಲಿತಳು, ಒಂದು ಸಲ ಶಾಲೆಯ ಓಟದಲ್ಲಿ ಕೊನೆಯವಳಾಗಿ ಬಂದು ಅದಕ್ಕೆ ನಮ್ಮಿಂದ ಬೆಣ್ಣೆ ದೋಸೆ ವಸೂಲಿ ಮಾಡಿದಳು. ಇದನ್ನೆಲ್ಲ ನಿಮಗೆ ಹೇಳಬೇಕಿತ್ತು.

ಕೊನೇ ನಂಬರಿನ ಮುಂದೆ ನಾನು ಏನೂ ಬರೆದಿರಲಿಲ್ಲ. ಪುಸ್ತಕ ಮುಚ್ಚಿ ಇಟ್ಟಿದ್ದೆ. ಹೋದ ವರ್ಷ ತೆಗೆದು ನೋಡಿದರೆ ಅಲ್ಲಿ ಹೆಂಡತಿಯ ಅಕ್ಷರದಲ್ಲಿ 'ಚಾ ಅಂಗಡಿಯವರು' ಅಂತ ಇತ್ತು. ಕೇಳಿದೆ. ಐಸಿಯು ಒಳಗೆ ಒಬ್ಬರನ್ನೇ ಬಿಡುತ್ತಿದ್ದರು, ಆ ರಾತ್ರಿ ಅವಳೇ ಇದ್ದಳು. ರಕ್ತ ಮುಗಿಯೋ ಹೊತ್ತಿಗೆ ಪುಟ್ಟಿ ಮಾಸ್ಕ್ ಸರಿಸಿ, 'ಅಮ್ಮ, ಇವರಿಗೆ ಚಾ ಬೇಕಂತೆ, ಸಕ್ರೆ ಜಾಸ್ತಿ' ಅಂದಳಂತೆ.

2018ರ ಏಪ್ರಿಲಿನಲ್ಲಿ ಬಿ ಪಾಸಿಟಿವ್ ರಕ್ತ ಕೊಟ್ಟು, ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದು ನೀವೇ.

– ಒಬ್ಬ ಟೈಲರ್, ಹರಿಹರ
(ಹೆಸರು ಹಾಕಬೇಡಿ, ಅಳತೆ ಪುಸ್ತಕದಲ್ಲೂ ನನ್ನ ಹೆಸರಿಲ್ಲ)