ಸೀಮೆಎಣ್ಣೆಗೆ ನಡೆಯತ್ತೆ ಅಂತ ಕೊಟ್ಟ ಪಂಪ್ ಕಿಟ್ ಬಗ್ಗೆ ದೂರು, ದುಡ್ಡು ವಾಪಸ್ ಬೇಕು

ನಮಸ್ಕಾರ ಸರ್,

ನಿಮ್ಮಿಂದ ತರಿಸಿದ 12 ವೋಲ್ಟ್ ಗೇರ್ ಪಂಪ್, ಸ್ಪೀಡ್ ಕಂಟ್ರೋಲರ್, ಚೆಕ್ ವಾಲ್ವ್ (ಎಣ್ಣೆನ ಒಂದೇ ಕಡೆಗೆ ಬಿಟ್ಟು ಪಂಪ್ ನಿಂತಾಗ ಮುಚ್ಕೊಳ್ಳೋದು) ಇರೋ ಕಿಟ್ ಬಗ್ಗೆ ಇದು ನನ್ನ ಮೂರನೇ ಮೇಲ್. ಹಿಂದಿನ ಎರಡಕ್ಕೂ "ಥ್ರಾಟಲ್ ಸೆಟ್ಟಿಂಗ್ ನೋಡ್ಕೊಳ್ಳಿ" ಅಂತ ಒಂದೇ ಉತ್ತರ ಬಂತು, ಅದಕ್ಕೆ ಈ ಸಲ ಏನೇನ್ ಚೆಕ್ ಮಾಡ್ದೆ ಅಂತ ಪೂರ್ತಿ ಬರೀತಿದೀನಿ, ದಯವಿಟ್ಟು ವಿಷಯ ಗೊತ್ತಿರೋರ ಕೈಗೆ ಕೊಡಿ.

ಗುಜರಿಲಿ ತಂದ ಲಾರಿ ಟರ್ಬೋಚಾರ್ಜರ್‌ಗೆ ಕಂಬಷನ್ ಚೇಂಬರ್ (ಇಂಧನ ಉರಿಯೋ ಡಬ್ಬಿ) ವೆಲ್ಡ್ ಮಾಡಿಸಿ ಸಣ್ಣ ಜೆಟ್ ಇಂಜಿನ್ ಕಟ್ಟಿದೀನಿ. ಗ್ಯಾಸಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತರೋದು. ಗ್ಯಾಸಲ್ಲಿ ಒಂದೇ ಸಮ ಓಡತ್ತೆ. ಸೀಮೆಎಣ್ಣೆಗೆ ಬಂದು ಥ್ರಾಟಲ್ ಅರ್ಧ ದಾಟಿದ್ರೆ ಸಾಕು, ಪ್ರೆಷರ್ ಗೇಜ್ ಮುಳ್ಳು 3 ಬಾರ್‌ಗೂ 5 ಬಾರ್‌ಗೂ ಮಧ್ಯೆ ಓಲಾಡತ್ತೆ, ಸೌಂಡ್ ಏರತ್ತೆ ಇಳಿಯತ್ತೆ, ಟರ್ಬೈನ್ ಹಿಂದೆ 600 ಡಿಗ್ರಿ ಇದ್ದಿದ್ದು ನೋಡ್ತಾ ನೋಡ್ತಾ 780 ಆಗ್ಬಿಡತ್ತೆ.

ಮೊದಲು ಬ್ಯಾಟರಿ ಮೇಲೇ ಡೌಟ್ ಬಂತು, ಪಂಪ್ ಓಡ್ತಿರುವಾಗ್ಲೇ ವೋಲ್ಟೇಜ್ ನೋಡ್ದೆ, ಇಳೀತಿಲ್ಲ. ಎಸ್‌ಪಿ ರೋಡಿಂದ ಬೇರೆ ಕಂಟ್ರೋಲರ್ ತಂದು ಹಾಕ್ದೆ, ಅದೇ ಕತೆ. ಫಿಲ್ಟರ್ ಬದಲಾಯಿಸ್ದೆ. ಆಮೇಲೆ ನಾಜಲ್ ಬಿಚ್ಚಿ ಪಂಪನ್ನ ಬರೀ ಬಾಟ್ಲಿಗೆ ಬಿಟ್ಟು ಓಡಿಸ್ದಾಗ ಟ್ರಾನ್ಸ್‌ಪರೆಂಟ್ ಪೈಪಲ್ಲಿ ಸೋಡಾ ಥರ ಗುಳ್ಳೆ! ಟ್ಯಾಂಕನ್ನ ಪಂಪಿಗಿಂತ ಎತ್ತರಕ್ಕಿಟ್ಟೆ, ಗುಳ್ಳೆ ನಿಂತ್ವು, ಆದ್ರೆ ಪಂಪಿಗೆ ಎಣ್ಣೆ ಬರೋ ಪೈಪಿನ ಜಾಯಿಂಟ್ (ಇನ್‌ಲೆಟ್ ಯೂನಿಯನ್) ಹತ್ರ ಎಣ್ಣೆ ತೊಟ್ಟಿಕ್ಕೋಕೆ ಶುರುವಾಯ್ತು, ಅಂದ್ರೆ ಗಾಳಿ ಎಳ್ಕೋತಿದ್ದಿದ್ದು ಅಲ್ಲೇ. ಬಿಚ್ಚಿ ನೋಡಿದ್ರೆ ಓ-ರಿಂಗ್ (ಸಂದಿ ಮುಚ್ಚೋ ರಬ್ಬರ್ ಬಳೆ) ಉಬ್ಬಿ ಅದು ಕೂರೋ ತೋಡಿಂದ ಆಚೆ ಬಂದು ಒಂದು ಕಡೆ ಕಚ್ಚಿದ ಹಾಗೆ ಕಿತ್ತೋಗಿದೆ, ಆ ಕರಿ ಚೂರುಗಳು ನಾಜಲ್ ಜಾಲರೀಲಿ ಸಿಕ್ವು.

ನಿಮ್ಮದೇ ಪ್ಯಾಕೆಟ್‌ನ ಹೊಸ ಸ್ಪೇರ್ ರಿಂಗನ್ನ ರಾತ್ರಿ ಸ್ಟೀಲ್ ಲೋಟದಲ್ಲಿ ಸೀಮೆಎಣ್ಣೆ ಹಾಕಿ ನೆನೆಸಿಟ್ಟೆ, ಪಕ್ಕದ ಲೋಟದಲ್ಲಿ ಜೆಸಿ ರೋಡಲ್ಲಿ ತಂದ ವೈಟನ್ (ಎಣ್ಣೆ ತಡ್ಕೊಳ್ಳೋ ರಬ್ಬರ್) ರಿಂಗು. ಬೆಳಗ್ಗೆ ವರ್ನಿಯರ್ ಹಿಡಿದ್ರೆ ನಿಮ್ಮದರ ಒಳಗಿನ ಅಳತೆ 12 ಎಂಎಂ ಇದ್ದಿದ್ದು 14 ದಾಟಿತ್ತು, ವೈಟನ್ ಹಾಗೇ ಇತ್ತು. ಉಬ್ಬಿರೋ ರೀತಿ ನೋಡಿದ್ರೆ ಇದು ಇಪಿಡಿಎಂ ಅನ್ನೋ ಜಾತಿ ರಬ್ಬರ್ ಅನ್ಸತ್ತೆ. ನೀರಿಗೆ, ಬ್ರೇಕ್ ಆಯಿಲ್‌ಗೆ ಅದು ಒಳ್ಳೇದು, ಪೆಟ್ರೋಲ್ ಡೀಸೆಲ್ ಸೀಮೆಎಣ್ಣೆಗೆ ಆಗಲ್ಲ ಸರ್, ನೈಟ್ರೈಲ್ ರಬ್ಬರ್ ಇಲ್ಲಾ ವೈಟನ್ನೇ ಬೇಕು.

ಗೇಜ್ ಓಲಾಡೋದಕ್ಕಿಂತ ನಂಗೆ ಭಯ ಆಗಿದ್ದು ಚೆಕ್ ವಾಲ್ವ್ ನೋಡಿ. ಅದರೊಳಗೆ ದಾರಿ ಮುಚ್ಚೋ ರಬ್ಬರ್ ಸೀಟೂ ಮೆತ್ತಗಾಗಿ ಸರಿಯಾಗಿ ಕೂರ್ತಿಲ್ಲ. ಥ್ರಾಟಲ್ ಪೂರ್ತಿ ಇಳಿಸಿ ಪಂಪ್ ಆಫ್ ಮಾಡಿದ್ಮೇಲೂ ಎಣ್ಣೆ ಸೋರಿ ಹಿಂದ್ಗಡೆ ಬೆಂಕಿ ಹಂಗೇ ಉರೀತಿತ್ತು, ನಾನು ಗೋಡೆ ಮರೆಲಿ ಫೈರ್ ಎಕ್ಸ್‌ಟಿಂಗ್ವಿಷರ್ ಹಿಡ್ಕೊಂಡು ನಿಂತಿದ್ದೆ. 1937ರ ಏಪ್ರಿಲ್ 12ಕ್ಕೆ ಇಂಗ್ಲೆಂಡಿನ ರಗ್ಬಿ ಊರಲ್ಲಿ ಜೆಟ್ ಇಂಜಿನಿಯರ್ ಫ್ರಾಂಕ್ ವಿಟ್ಲ್ ತಮ್ಮ ಜೆಟ್ ಇಂಜಿನ್ ಮೊದಲ ಸಲ ಓಡಿಸ್ದಾಗ ಇಂಧನ ಬಂದ್ ಮಾಡಿದ್ರೂ ಸ್ಪೀಡ್ ಏರ್ತಾನೇ ಹೋಗಿತ್ತಂತೆ, ಕಾರಣ ಒಳಗೆ ಲೀಕಾಗಿ ನಿಂತಿದ್ದ ಇಂಧನ. ಇದು ಸೆಟ್ಟಿಂಗ್ ವಿಷಯ ಅಲ್ಲ, ಜೀವದ ವಿಷಯ.

ವೈಟನ್ ರಿಂಗ್ ಹಾಕಿದ್ಮೇಲೆ ಬಾಟ್ಲಿ ಟೆಸ್ಟಲ್ಲಿ ಒಂದು ಗುಳ್ಳೆನೂ ಇಲ್ಲ. ಆದ್ರೆ ಚೆಕ್ ವಾಲ್ವ್ ಬಿಚ್ಚಿ ರಿಪೇರಿ ಮಾಡೋ ಹಾಗಿಲ್ಲ, ಅದಕ್ಕೇ ಇಂಜಿನ್ ಮುಟ್ಟಿಲ್ಲ. ಕಿಟ್‌ನ ಪೂರ್ತಿ ದುಡ್ಡು ವಾಪಸ್ ಕೊಡಿ, ಕಿಟ್ ಬಗ್ಗೆ "ಸೀಮೆಎಣ್ಣೆ, ಡೀಸೆಲ್‌ಗೆ ಸೂಕ್ತ" ಅಂತ ನೀವು ಬರೆದಿರೋದನ್ನ ಇವತ್ತೇ ತೆಗೀರಿ, ಈಗಾಗ್ಲೇ ತಗೊಂಡೋರಿಗೆ ಫೋನ್ ಮಾಡಿ ಹೇಳಿ. ಕಿತ್ತೋದ ರಿಂಗ್, ಎರಡೂ ಲೋಟದ ಫೋಟೋ, ಗೇಜ್ ವಿಡಿಯೋ ಇದರ ಜೊತೆ ಹಾಕಿದೀನಿ.